ಅಪ್ಪನಿಗೆ ಮೂರು ಬ್ಲಾಕ್, ಕಾಲಿನಲ್ಲೂ ತೊಂದರೆ: ಬೈಪಾಸ್ ಎಲ್ಲಿ ಮಾಡಿಸೋದು, ಏನೇನು ಕೇಳಬೇಕು?

ತೆಂಗಿನತೋಟ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಹೇಳಿ.

ಅಪ್ಪನಿಗೆ 64. ಅರಸೀಕೆರೆ ಹತ್ತಿರ ನಮ್ಮ ಊರು, ತೋಟದ ಕೆಲಸ. ಸಕ್ಕರೆ ಕಾಯಿಲೆ ಹಳೇದು. ಬೀಡಿ ಬಿಟ್ಟಿದ್ದೀನಿ ಅಂತಾರೆ, ನಂಬಿಕೊಂಡಿದ್ದೀವಿ. ಹೋದ ತಿಂಗಳು ಎದೆ ಬಿಗಿತ ಅಂದಾಗ ಹತ್ತಿರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಇಸಿಜಿ, ಎಕೋ, ಆಮೇಲೆ ಕೈ ಮೂಲಕ ಆಂಜಿಯೋಗ್ರಾಮ್. ಮೂರೂ ರಕ್ತನಾಳದಲ್ಲಿ ಬ್ಲಾಕ್ ಇದೆ, ಇಎಫ್ (ಹೃದಯದ ಪಂಪಿಂಗ್ ಅಳತೆ) 45. ಅಲ್ಲಿ ಮೂರು ಸ್ಟೆಂಟ್ ಹಾಕಿಬಿಡೋಣ, ನಾಳೆಯೇ ಅಡ್ಮಿಟ್ ಆಗಿ ಎಂದರು. ನಮಗೆ ಯಾಕೋ ಮನಸ್ಸು ಒಪ್ಪಲಿಲ್ಲ. ಸಿಡಿ ಇಸ್ಕೊಂಡು ಬೆಂಗಳೂರಿನಲ್ಲಿ ಇನ್ನೊಬ್ಬರಿಗೆ ತೋರಿಸಿದರೆ ಅವರು ಸ್ಟೆಂಟ್ ಬೇಡ, ಇದು ಬೈಪಾಸ್ ಕೇಸು ಎಂದರು. ಈಗ ಮನೆಯಲ್ಲಿ ಎರಡು ಪಾರ್ಟಿ. ಅಮ್ಮ ಎದೆ ಕುಯ್ಯೋದು ಬೇಡವೇ ಬೇಡ ಅಂತಾಳೆ.

ಇನ್ನೊಂದು ವಿಷಯ. ತೋಟಕ್ಕೆ ನಡೆದು ಹೋಗುವಾಗ ಅಪ್ಪನಿಗೆ ಬಲಗಾಲಿನ ಮೀನಖಂಡ ಹಿಡಿದುಕೊಳ್ಳುತ್ತೆ. ನಿಂತರೆ ಬಿಡುತ್ತೆ, ಮತ್ತೆ ನಡೆದರೆ ಮತ್ತೆ ಹಿಡಿಯುತ್ತೆ. ಹೆಬ್ಬೆರಳ ಪಕ್ಕ ಒಂದು ಗಾಯ ಬಹಳ ದಿನದಿಂದ ಒಣಗುತ್ತಿಲ್ಲ. ಊರಿನಲ್ಲಿ ಎಲ್ಲರೂ ಹೇಳೋದು ಒಂದೇ, ಮೊದಲು ಹಾರ್ಟ್ ನೋಡಿಕೊಳ್ಳಿ, ಕಾಲು ಆಮೇಲೆ ನೋಡಿದರಾಯ್ತು ಅಂತ.

ಬಿಪಿಎಲ್ ಕಾರ್ಡ್ ಇದೆ. ಅಪ್ಪ ಹಾಲಿನ ಸೊಸೈಟಿ ಸದಸ್ಯರು. ಎಲ್ಲಿಗೆ ಹೋಗಬೇಕು?

ಜಗಲಿಮಾತು

ಇದರಲ್ಲಿ ಯೋಚನೆ ಮಾಡೋಕೆ ಏನಿದೆ? ಜಯದೇವ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆ ದೂರ ಅನ್ನಿಸಿದರೆ ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲೂ ಇದೆ. ನಿಮ್ಮ ಅರಸೀಕೆರೆಯಿಂದ ಎರಡೂ ಕಡೆಗೆ ರೈಲು ಇದೆ.

ಪಂಪ್‌ರೂಮು

ಆಸ್ಪತ್ರೆ ಹೆಸರು ಆಮೇಲೆ. ಸ್ಟೆಂಟಾ ಬೈಪಾಸಾ ಅನ್ನೋದು ಮೊದಲು ಇತ್ಯರ್ಥ ಆಗಲಿ.

ನಾನು ಡಾಕ್ಟರಲ್ಲ, ಪರ್ಫ್ಯೂಷನಿಸ್ಟ್. ಹೃದಯ ನಿಲ್ಲಿಸಿ ಆಪರೇಷನ್ ಮಾಡುವಾಗ ಹಾರ್ಟ್-ಲಂಗ್ ಮಷಿನ್ ನಡೆಸುವವನು. ಆ ಹೊತ್ತಿನಲ್ಲಿ ರಕ್ತಕ್ಕೆ ಆಕ್ಸಿಜನ್ ಸೇರಿಸಿ ಮೈಗೆಲ್ಲ ತಳ್ಳೋದು ಮಷಿನ್ನು, ಅದನ್ನು ಕಾಯೋದು ನಾನು. ಹಾಗಾಗಿ ಟೇಬಲ್ ಪಕ್ಕದಲ್ಲೇ ನಿಂತು ನೋಡಿದ್ದನ್ನು ಹೇಳಬಲ್ಲೆ, ಔಷಧಿ ವಿಷಯ ನಿಮ್ಮ ಡಾಕ್ಟರನ್ನೇ ಕೇಳಿ.

ಸಕ್ಕರೆ ಇದ್ದು, ಮೂರೂ ನಾಳದಲ್ಲಿ ಬ್ಲಾಕ್ ಇದ್ದು, ಹೃದಯದ ಪಂಪಿಂಗ್ ಕೂಡ ಸ್ವಲ್ಪ ಇಳಿದಿದ್ದರೆ ತಕ್ಕಡಿ ಬೈಪಾಸ್ ಕಡೆಗೇ ವಾಲುತ್ತೆ. 2012ರಲ್ಲಿ ಫ್ರೀಡಂ ಅನ್ನುವ ಅಧ್ಯಯನ ಬಂತು. ಸಕ್ಕರೆ ಕಾಯಿಲೆ ಇರುವ, ಒಂದಕ್ಕಿಂತ ಹೆಚ್ಚು ನಾಳದಲ್ಲಿ ಬ್ಲಾಕ್ ಇರುವವರನ್ನೇ ತೆಗೆದುಕೊಂಡು ಎರಡೂ ಚಿಕಿತ್ಸೆ ಹೋಲಿಸಿದರು. ಐದು ವರ್ಷದ ಲೆಕ್ಕದಲ್ಲಿ ಸಾವು, ಹಾರ್ಟ್ ಅಟ್ಯಾಕ್ ಎರಡೂ ಬೈಪಾಸ್ ಆದವರಲ್ಲಿ ಕಡಿಮೆ ಇತ್ತು. ಸ್ಟ್ರೋಕ್ ಮಾತ್ರ ಬೈಪಾಸ್ ಆದವರಲ್ಲಿ ಸ್ವಲ್ಪ ಜಾಸ್ತಿ. ಇದನ್ನು ಮುಚ್ಚಿಡದೆ ಹೇಳುವ ಡಾಕ್ಟರು ಸಿಕ್ಕರೆ ಅವರನ್ನು ಬಿಡಬೇಡಿ.

ಬೈಪಾಸ್ ಅಂದರೆ ಬ್ಲಾಕ್ ತೆಗೆಯೋದಲ್ಲ. ಬ್ಲಾಕ್ ಅಲ್ಲೇ ಇರುತ್ತೆ, ಅದರ ಮುಂದಕ್ಕೆ ಹೊಸ ದಾರಿ ಹೊಲಿಯುತ್ತಾರೆ. ಎದೆಗೂಡಿನ ಒಳಗೋಡೆಯಲ್ಲಿ ಎಡಗಡೆ ಒಂದು ನಾಳ ಇಳಿದು ಬರುತ್ತೆ, ಥಿಯೇಟರಿನಲ್ಲಿ ಲೀಮಾ ಅಂತೀವಿ. ಅದರ ಕೆಳತುದಿ ಬಿಡಿಸಿ ಹೃದಯದ ಮುಂಭಾಗದ ಮುಖ್ಯ ನಾಳ ಎಲ್‌ಎಡಿಗೆ ಜೋಡಿಸುತ್ತಾರೆ. ಹತ್ತು ವರ್ಷ ಆದ ಮೇಲೂ ಹತ್ತರಲ್ಲಿ ಒಂಬತ್ತು ತೆರೆದಿರುತ್ತವೆ. ಉಳಿದ ನಾಳಗಳಿಗೆ ಸಾಮಾನ್ಯವಾಗಿ ಕಾಲಿನ ಸಿರೆ, ಕೆಲವೊಮ್ಮೆ ಮುಂಗೈ ನಾಳ. ಕಾಲಿನ ಸಿರೆ ಅಷ್ಟು ಬಾಳಿಕೆ ಬರಲ್ಲ, ಹತ್ತು ವರ್ಷಕ್ಕೆ ಹೆಚ್ಚು ಕಡಿಮೆ ಅರ್ಧದಷ್ಟು ಮುಚ್ಚಿಕೊಳ್ಳುತ್ತವೆ. ಅದಕ್ಕೇ ಆಪರೇಷನ್ ಆದ ಮೇಲೂ ಮಾತ್ರೆ ಬಿಡಬಾರದು ಅಂತ ಬಡಿದುಕೊಳ್ಳೋದು.

ಇನ್ನು "ಬೀಟಿಂಗ್ ಹಾರ್ಟ್" ಅಂತ ಬೋರ್ಡ್ ಹಾಕಿಕೊಂಡವರನ್ನು ನೋಡಿ ಮರುಳಾಗಬೇಡಿ. ಮಷಿನ್ ಇಲ್ಲದೆ, ಹೃದಯ ಬಡಿಯುತ್ತಿರುವಾಗಲೇ ಹೊಲಿಯುವ ವಿಧಾನ ಅದು. ನಮ್ಮ ದೇಶದಲ್ಲಿ ಬಹಳ ನಡೆಯುತ್ತೆ, ಒಳ್ಳೆ ಕೈ ಇದ್ದರೆ ಚೆನ್ನಾಗೇ ಆಗುತ್ತೆ. ಆದರೆ ಎಲ್ಲರಿಗೂ ಅದೇ ಮೇಲು ಅಂತ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ. ನನ್ನ ಹೊಟ್ಟೆಪಾಡಿಗೆ ಹೇಳುತ್ತಿದ್ದೀನಿ ಅಂದುಕೊಂಡರೂ ಪರವಾಗಿಲ್ಲ 😄 ಸರ್ಜನ್‌ಗೆ ಯಾವುದು ಕೈಗೆ ಕೂತಿದೆಯೋ ಅದನ್ನೇ ಮಾಡಲಿ.

ತೆಂಗಿನತೋಟ

ತುಂಬಾ ಥ್ಯಾಂಕ್ಸ್ ಸಾರ್. ಇಷ್ಟನ್ನು ಎರಡು ಆಸ್ಪತ್ರೆಯಲ್ಲೂ ಯಾರೂ ಕೂರಿಸಿ ಹೇಳಲಿಲ್ಲ. ಕಾಲಿನದು ಆಮೇಲೆ ನೋಡಿದರೆ ನಡೆಯುತ್ತಾ?

ನಡೆನೋಡು

ಇಲ್ಲ, ನಡೆಯಲ್ಲ. ಬರೆಯದೆ ಇರೋಕೆ ಆಗಲಿಲ್ಲ. ನಾನು ವ್ಯಾಸ್ಕುಲರ್ ಸರ್ಜನ್. ಹೃದಯ ಮತ್ತು ಮಿದುಳಿನೊಳಗಿನ ನಾಳ ಬಿಟ್ಟು ಉಳಿದ ರಕ್ತನಾಳಗಳೇ ನನ್ನ ಕೆಲಸ.

ನಡೆದಾಗ ಮೀನಖಂಡ ಹಿಡಿಯೋದು, ನಿಂತರೆ ಬಿಡೋದು, ಜೊತೆಗೆ ಒಣಗದ ಗಾಯ. ಇಷ್ಟು ಕೇಳಿದರೆ ಕಾಲಿನ ನಾಳದಲ್ಲಿ ಬ್ಲಾಕ್ ಇದೆ ಅಂತ ಅನುಮಾನ ಪಡಲೇಬೇಕು. ನೀವು ತೋಟದವರು, ನಿಮಗೆ ಬೇಗ ಗೊತ್ತಾಗುತ್ತೆ: ಡ್ರಿಪ್ ಪೈಪಿನಲ್ಲಿ ಒಂದು ಕಡೆ ಉಪ್ಪು ಕಟ್ಟಿದ್ದರೆ ಬೇರೆ ಕಡೆ ಕಟ್ಟಿಲ್ಲ ಅಂತ ಹೇಳೋಕಾಗುತ್ತಾ? ಹೃದಯದಲ್ಲಿ ಒಂದು ರೋಗ, ಕಾಲಿನಲ್ಲಿ ಇನ್ನೊಂದು ರೋಗ ಅಲ್ಲ. ಒಂದೇ ರೋಗ, ಎರಡು ಜಾಗ.

ಬೈಪಾಸ್‌ಗೆ ಮೊದಲೇ ಕಾಲು ಯಾಕೆ ನೋಡಬೇಕು ಅಂದರೆ, ಸಿರೆ ತೆಗೆಯೋದು ಅದೇ ಕಾಲಿನಿಂದ. ರಕ್ತ ಸರಿಯಾಗಿ ಇಳಿಯದ ಕಾಲಿನಲ್ಲಿ ಉದ್ದಕ್ಕೆ ಗಾಯ ಮಾಡಿದರೆ ಅದು ಒಣಗಲ್ಲ. ಎದೆ ಹೊಲಿಗೆ ವಾಸಿಯಾಗಿ ಕಾಲಿನ ಹೊಲಿಗೆ ಬಿಚ್ಚಿಕೊಂಡು ಬಂದವರು ನನ್ನ ಓಪಿಡಿಗೆ ಬರುತ್ತಲೇ ಇರುತ್ತಾರೆ. ಮುಂದೆ ಕಾಲಿಗೇ ಬೈಪಾಸ್ ಬೇಕಾದರೆ ಅದಕ್ಕೂ ಒಳ್ಳೆ ಸಿರೆ ಬೇಕು. ಎಲ್ಲವನ್ನೂ ಹೃದಯಕ್ಕೆ ಖರ್ಚು ಮಾಡಿಬಿಟ್ಟರೆ ನಾನು ಎಲ್ಲಿಂದ ತರಲಿ? ಬೆರಳಿನಲ್ಲಿ ಕೀವು ಇದ್ದರಂತೂ ಎದೆ ತೆರೆಯುವ ಮೊದಲೇ ಅದನ್ನು ಹತೋಟಿಗೆ ತರಬೇಕು, ಸಕ್ಕರೆ ಇರುವವರಲ್ಲಿ ಎದೆಮೂಳೆಗೆ ಸೋಂಕು ತಗುಲಿದರೆ ಬಹಳ ಕಷ್ಟ.

ಪರೀಕ್ಷೆ ದೊಡ್ಡದೇನಲ್ಲ. ಕಾಲಿನ ಗಿಣ್ಣಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುತ್ತಾರೆ, ಎಬಿಐ ಅಂತ ಹೆಸರು. 0.9ಕ್ಕಿಂತ ಕಡಿಮೆ ಬಂದರೆ ಬ್ಲಾಕ್ ಇದೆ ಎಂದರ್ಥ. ಹಳೇ ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣ ಕಟ್ಟಿ ಗಟ್ಟಿಯಾಗಿ ಲೆಕ್ಕ ಸುಳ್ಳೇ ಚೆನ್ನಾಗಿ ಬರೋದುಂಟು, ಆಗ ಬೆರಳಿನ ಒತ್ತಡ ನೋಡಬೇಕು. ಜೊತೆಗೆ ಒಂದು ಡಾಪ್ಲರ್, ಅಂದರೆ ನಾಳದಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ನೋಡುವ ಸ್ಕ್ಯಾನ್. ಕತ್ತಿನ ನಾಳದ ಡಾಪ್ಲರ್ ಕೂಡ ಮಾಡಿಸಿ, ಮೇಲೆ ಸ್ಟ್ರೋಕ್ ಮಾತು ಬಂತಲ್ಲ, ಅದಕ್ಕೆ.

ಇನ್ನೊಂದು ಬಿಟ್ಟಿ ಪರೀಕ್ಷೆ. ಎರಡೂ ತೋಳಿನಲ್ಲಿ ಬಿಪಿ ನೋಡಿಸಿ. ಲೀಮಾ ಕವಲೊಡೆಯೋದು ಎಡತೋಳಿಗೆ ಹೋಗುವ ನಾಳದಿಂದ. ಆ ನಾಳವೇ ಕಿರಿದಾಗಿದ್ದರೆ ಎಷ್ಟು ಚೆನ್ನಾಗಿ ಹೊಲಿದರೂ ಹೃದಯಕ್ಕೆ ರಕ್ತ ಸಾಲಲ್ಲ. ಎಡತೋಳಿನ ಬಿಪಿ ಬಲಕ್ಕಿಂತ ಬಹಳ ಕಡಿಮೆ ಇದ್ದರೆ ಸರ್ಜನ್‌ಗೆ ಹೇಳಲೇಬೇಕು.

ಆಮೇಲೆ, ಕಾಲುನೋವಿಗೆ ಯಾರಾದರೂ ಸಿಲೋಸ್ಟಜಾಲ್ ಮಾತ್ರೆ ಬರೆದಿದ್ದಾರಾ? ಹಾರ್ಟ್ ಫೇಲ್ಯೂರ್ ಇರುವವರಿಗೆ ಅದು ಕೊಡುವಂತಿಲ್ಲ. ಇಎಫ್ 45 ಅಂತ ಬರೆದಿದ್ದೀರಿ, ಕಾರ್ಡಿಯಾಲಜಿಸ್ಟ್‌ಗೆ ತೋರಿಸದೆ ಮುಂದುವರಿಸಬೇಡಿ.

ಚಿಕ್ಕಮಗಳೂರು_ಕಾಫಿ

ಡಾಕ್ಟರೇ, ಸಿಟಿವಿಎಸ್ ಅಂತ ಬೋರ್ಡ್ ಇರುತ್ತಲ್ಲ, ಅದರಲ್ಲೇ ವ್ಯಾಸ್ಕುಲರ್ ಸೇರಿದೆ ಅಲ್ವಾ? ಮತ್ತೆ ಬೇರೆ ಡಾಕ್ಟರು ಯಾಕೆ?

ನಡೆನೋಡು

ಹೆಸರಿನಲ್ಲಿ ಸೇರಿದೆ. ಹೃದಯ, ಎದೆಗೂಡು, ರಕ್ತನಾಳ ಮೂರನ್ನೂ ಓದಿಕೊಂಡು ಬಂದ ಸರ್ಜನ್‌ಗಳು ಅವರು, ಕೆಲವರು ಕಾಲಿನ ಕೆಲಸವನ್ನೂ ಚೆನ್ನಾಗಿ ಮಾಡುತ್ತಾರೆ. ಆದರೆ ಬಹಳ ಕಡೆ ದಿನವೆಲ್ಲ ಬೈಪಾಸು, ವಾಲ್ವಿನಲ್ಲೇ ಕಳೆದುಹೋಗುತ್ತೆ, ಕಾಲಿಗೆ ಸಮಯ ಉಳಿಯಲ್ಲ. ವ್ಯಾಸ್ಕುಲರ್ ಸರ್ಜರಿಗೆ ಈಗ ಬೇರೆಯೇ ಸೂಪರ್ ಸ್ಪೆಷಾಲಿಟಿ ಓದು ಇದೆ. ಬೆಂಗಳೂರಿನ ವಸಂತನಗರದ ಮಹಾವೀರ್ ಜೈನ್ ಆಸ್ಪತ್ರೆಯಲ್ಲಿ ಇದಕ್ಕೇ ಅಂತ ಒಂದು ಸಂಸ್ಥೆ ಬೆಳೆದಿದೆ. ಜಿಲ್ಲೆಗಳಲ್ಲಿ ನಮ್ಮವರು ಇನ್ನೂ ಬಹಳ ಕಡಿಮೆ. ಮಧುಮೇಹದ ಕಾಲು, ಬೀಡಿ ಸೇದಿ ಬೆರಳು ಕಪ್ಪಾದವರು, ವೆರಿಕೋಸ್ ಸಿರೆ, ಡಯಾಲಿಸಿಸ್ ಫಿಸ್ಟುಲಾ, ಹೊಟ್ಟೆಯೊಳಗೆ ಉಬ್ಬಿದ ಮಹಾಪಧಮನಿ, ಎಲ್ಲ ನಮ್ಮ ಹತ್ತಿರವೇ ಬರಬೇಕು, ಆದರೆ ಮೊದಲು ಎಲ್ಲೆಲ್ಲೋ ಸುತ್ತಿ ಬರುತ್ತಾರೆ.

ಹೊಳೆದಂಡೆ

ನಮ್ಮ ಚಿಕ್ಕಪ್ಪನದು ಇದೇ ಕಥೆ. ಹೆಬ್ಬೆರಳು ಕಪ್ಪಾಯ್ತು, ಊರ ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಬೆರಳು ತೆಗೆದರು. ಆ ಗಾಯ ಒಣಗಲಿಲ್ಲ, ಪಾದ ತೆಗೆದರು. ಆಮೇಲೆ ಮಂಡಿ ಕೆಳಗೆ. ಯಾರೊಬ್ಬರೂ ಒಂದು ಡಾಪ್ಲರ್ ಮಾಡಿಸಿ ಅನ್ನಲಿಲ್ಲ. ಈಗ ಇದನ್ನೆಲ್ಲ ಓದಿದರೆ ಹೊಟ್ಟೆ ಉರಿಯುತ್ತೆ.

ನಡೆನೋಡು

ಕೇಳಿ ಬೇಜಾರಾಯ್ತು. ಕೀವು ಮೈಗೇರುತ್ತಿದ್ದರೆ ಮಾತು ಬೇರೆ, ಆಗ ಜೀವ ಮುಖ್ಯ. ಇಲ್ಲದಿದ್ದರೆ ಕತ್ತರಿಸುವ ಮೊದಲು ರಕ್ತ ಇಳಿಯುವ ಹಾಗೆ ಮಾಡಬೇಕು, ಬಲೂನ್ ಹಾಕಿಯೋ ಬೈಪಾಸ್ ಮಾಡಿಯೋ. ಆಮೇಲೆ ಬೆರಳು ತೆಗೆದರೂ ಆ ಗಾಯ ಒಣಗುತ್ತೆ. ಇನ್ನೊಂದು ಎಲ್ಲರೂ ಗೊತ್ತುಮಾಡಿಕೊಳ್ಳಿ: ಇದ್ದಕ್ಕಿದ್ದಂತೆ ಒಂದು ಕಾಲು ತಣ್ಣಗಾಗಿ, ಬಿಳಿಚಿ, ತಡೆಯಲಾರದ ನೋವು ಬಂದರೆ ಅದು ಗಡ್ಡೆ ಸಿಕ್ಕಿಕೊಂಡಿರೋದು. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಸದಿದ್ದರೆ ಕಾಲು ಉಳಿಯೋದು ಕಷ್ಟ. ಎಣ್ಣೆ ತಿಕ್ಕಿಕೊಂಡು ಬೆಳಗಾಗಲಿ ಅಂತ ಕಾಯಬೇಡಿ.

ಸಹಜಜೀವನ

ಯಾಕೆ ಎಲ್ಲರೂ ಕತ್ತರಿಸೋದೇ ಹೇಳುತ್ತೀರಿ? ಇಇಸಿಪಿ ಅಂತ ಇದೆ, ನ್ಯಾಚುರಲ್ ಬೈಪಾಸ್. ಕಾಲಿಗೆ ಪಟ್ಟಿ ಕಟ್ಟಿ ಗಾಳಿ ತುಂಬುತ್ತಾರೆ, ಹೊಸ ನಾಳ ಬೆಳೆಯುತ್ತೆ. ಜೊತೆಗೆ ಡ್ರಿಪ್‌ನಲ್ಲಿ ಚೆಲೇಷನ್ ಔಷಧಿ ಕೊಟ್ಟರೆ ಬ್ಲಾಕ್ ಕರಗುತ್ತೆ. ನನ್ನ ಸ್ನೇಹಿತರ ತಂದೆ ಮಾಡಿಸಿಕೊಂಡು ಆರಾಮಾಗಿದ್ದಾರೆ.

ಪಂಪ್‌ರೂಮು

ಸ್ನೇಹಿತರ ತಂದೆ ಆರಾಮಾಗಿರೋದು ಸಂತೋಷ. ಆದರೆ ಈ ಮನುಷ್ಯನಿಗೆ ಇದನ್ನು ಹೇಳಬೇಡಿ ಸಾರ್. ಇಇಸಿಪಿ ಸುಳ್ಳು ಮಷಿನ್ ಏನಲ್ಲ. ಸ್ಟೆಂಟೂ ಆಗದ, ಬೈಪಾಸೂ ಆಗದ ಕೆಲವರಿಗೆ ಎದೆನೋವು ಕಡಿಮೆ ಮಾಡೋಕೆ ಬಳಸುತ್ತಾರೆ, ಅಷ್ಟೇ. ಬೈಪಾಸ್ ಬದಲಿಗೆ ಅಲ್ಲ. ಅದೂ ಅಲ್ಲದೆ ಕಾಲಿನ ನಾಳದಲ್ಲಿ ಜೋರು ಬ್ಲಾಕ್ ಇರುವವರಿಗೆ ಅದನ್ನು ಮಾಡಲೇಬಾರದು. ಇವರ ತಂದೆಗೆ ಒಣಗದ ಗಾಯ ಇದೆ ಅಂತ ಮೇಲೆ ಓದಲಿಲ್ವಾ? ಚೆಲೇಷನ್ ಬ್ಲಾಕ್ ಕರಗಿಸುತ್ತೆ ಅನ್ನೋದಕ್ಕೆ ಆಧಾರ ಇಲ್ಲ.

ಸಹಜಜೀವನ

ನಿಮ್ಮ ಲಾಬಿ ನಿಮಗೆ.

ನಿರ್ವಾಹಕ

ಜಗಳ ಬೇಡ. ಡಾಕ್ಟರುಗಳ ಫೋನ್ ನಂಬರ್ ಹಾಕಿದ್ದ ಎರಡು ಕಾಮೆಂಟ್ ತೆಗೆದಿದ್ದೀನಿ. ರೋಗಿಯ ರಿಪೋರ್ಟ್ ಫೋಟೋ ಹಾಕುವಾಗ ಹೆಸರು, ಆಸ್ಪತ್ರೆ ನಂಬರ್ ಮುಚ್ಚಿ.

ಬಿಸಿಲೂರು

ನಾನು ರಾಯಚೂರು ಕಡೆಯವ. ಜಯದೇವ ಅಂದರೆ ಎಲ್ಲರೂ ಬೆಂಗಳೂರು ಅಂತೀರಿ, ಕಲಬುರಗಿಯಲ್ಲೂ ಐತ್ರಿ. ಮೊದಲು ಜಿಮ್ಸ್ (ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು) ಆವರಣದಾಗಿತ್ತು, 2024ರ ಡಿಸೆಂಬರ್‌ನಲ್ಲಿ ಹೊಸ ಕಟ್ಟಡ ಆಯ್ತು. ಹಾಸಿಗೆ ಎಷ್ಟು ಗೊತ್ತೇನ್ರಿ, 371! ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ನೆನಪಿಗೆ. ಮುಂಚೆ ನಮ್ಮ ಮಂದಿ ಎದೆನೋವು ಅಂದರೆ ಸೊಲ್ಲಾಪುರ ಇಲ್ಲ ಹೈದರಾಬಾದ್ ಬಸ್ಸು ಹತ್ತುತ್ತಿದ್ದರು, ಅಲ್ಲಿ ಕಾರ್ಡೂ ನಡೆಯುತ್ತಿರಲಿಲ್ಲ, ಭಾಷೆಯದ್ದೂ ತೊಂದರೆ. ನಮ್ಮ ಮಾವನವರ ಆಂಜಿಯೋ ಈಗ ಕಲಬುರಗಿಯಲ್ಲೇ ಆಯ್ತು. ಇವರಿಗೆ ಇದು ದೂರ, ಆದರೆ ಈ ಥ್ರೆಡ್ ಓದುವ ಬೀದರ್, ಯಾದಗಿರಿಯವರಿಗೆ ಇರಲಿ ಅಂತ ಹೇಳಿದೆ.

ಜಗಲಿಮಾತು

ಜಯದೇವಕ್ಕೆ ಈಗ ಹೋದರೆ ಕಾಲಿಡೋಕೆ ಜಾಗ ಇರಲ್ಲ ಅನ್ನೋದೂ ನಿಜ. 2025ರ ಜೂನ್-ಜುಲೈನಲ್ಲಿ ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ಟಿವಿಯಲ್ಲಿ ಬಂದಾಗ ನೋಡಬೇಕಿತ್ತು, ಆರೋಗ್ಯವಾಗಿ ಇರುವವರೂ ಬೆಳಗಿನ ಜಾವದಿಂದ ಕ್ಯೂ. ಇಸಿಜಿ ಮಾಡಿ ಅಂತ ಹಟ.

ತೆಂಗಿನತೋಟ

ನಮ್ಮದು ಅದೇ ಜಿಲ್ಲೆ, ಕೇಳಬೇಡಿ. ಬಸ್ ಸ್ಟ್ಯಾಂಡಿನಲ್ಲಿ ಯಾರಾದರೂ ಎದೆ ಸವರಿಕೊಂಡರೆ ಸಾಕು, ಎಲ್ಲರೂ ತಿರುಗಿ ನೋಡುತ್ತಿದ್ದರು.

ಮಿತ್ರಡೆಸ್ಕ್

ದುಡ್ಡಿನ ವಿಷಯ ಯಾರೂ ಮಾತಾಡಿಲ್ಲ, ನಾನು ಹೇಳುತ್ತೀನಿ. ಕೆಲವು ವರ್ಷ ಆಸ್ಪತ್ರೆಯೊಂದರಲ್ಲಿ ಆರೋಗ್ಯ ಮಿತ್ರ ಆಗಿ, ಅಂದರೆ ಸರ್ಕಾರಿ ಆರೋಗ್ಯ ಯೋಜನೆಗೆ ಬರುವ ರೋಗಿಗಳಿಗೆ ಸಹಾಯ ಮಾಡುವವನಾಗಿ ಕೆಲಸ ಮಾಡಿದ್ದೆ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್ ಆದರೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಬೈಪಾಸು, ವಾಲ್ವು ಎಲ್ಲ ಪ್ಯಾಕೇಜಿನಲ್ಲಿವೆ. ಆದರೆ ಖಾಸಗಿ ಆಸ್ಪತ್ರೆಗೆ ಸುಮ್ನೆ ಹೋಗಿ ಕಾರ್ಡ್ ತೋರಿಸಿದರೆ ಆಗಲ್ಲ. ತುರ್ತು ಅಲ್ಲದ ಕೇಸಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಜನ ಇಲ್ಲೇ ಎಡವೋದು, ಬೆಂಗಳೂರಿಗೆ ಹೋಗಿ ರೂಮು ಮಾಡಿ ಆಮೇಲೆ ಒಂದು ಕಾಗದಕ್ಕೆ ವಾಪಸ್ ಊರಿಗೆ ಬರುತ್ತಾರೆ. ರೆಫರಲ್ ಮೊದಲೇ ಮಾಡಿಸಿಕೊಳ್ಳಿ. ಆಸ್ಪತ್ರೆಯವರು ಆಂಜಿಯೋ ರಿಪೋರ್ಟು ಎಲ್ಲ ಹಾಕಿ ಈ ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನಿಂದ ಮುಂಚಿತ ಅನುಮತಿ ತೆಗೆದುಕೊಳ್ಳುತ್ತಾರೆ. ಅನುಮತಿ ಬರುವ ಮೊದಲು "ಸದ್ಯಕ್ಕೆ ಕಟ್ಟಿ, ಆಮೇಲೆ ವಾಪಸ್ ಕೊಡ್ತೀವಿ" ಅಂದರೆ ಬರವಣಿಗೆಯಲ್ಲಿ ಕೇಳಿ.

ಆಧಾರ್, ರೇಷನ್ ಕಾರ್ಡ್ ಎರಡರಲ್ಲೂ ಅಪ್ಪನ ಹೆಸರು ಒಂದೇ ಥರ ಇದೆಯಾ ನೋಡಿ. ಹೆಸರಿನ ಕೊನೆಗೆ ಒಂದರಲ್ಲಿ "ಅಪ್ಪ" ಅಂತ, ಇನ್ನೊಂದರಲ್ಲಿ "ಗೌಡ" ಅಂತ ಇದ್ದು ಒದ್ದಾಡಿದವರನ್ನು ದಿನಾ ನೋಡುತ್ತಿದ್ದೆ.

ಸೊಸೈಟಿ ಸದಸ್ಯರು ಅಂದಿರಿ. ಯಶಸ್ವಿನಿ ಆರೋಗ್ಯ ಯೋಜನೆ 2003ರಲ್ಲಿ ಸಹಕಾರ ಸಂಘದ ರೈತರಿಗಾಗಿಯೇ ಶುರುವಾಗಿದ್ದು, ಡಾ. ದೇವಿ ಶೆಟ್ಟಿ ಅವರ ಹೆಸರು ಅದರ ಜೊತೆ ಎಲ್ಲರಿಗೂ ನೆನಪಿರುತ್ತೆ. 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, ಮತ್ತೆ 2022-23ರಲ್ಲಿ ಬೇರೆಯಾಗಿ ಶುರುವಾಯ್ತು. ಅದಕ್ಕೆ ಪ್ರತಿ ವರ್ಷ ನೋಂದಣಿ ಸಮಯದಲ್ಲೇ ದುಡ್ಡು ಕಟ್ಟಿರಬೇಕು, ಕಾಯಿಲೆ ಬಂದ ಮೇಲೆ ಸೇರೋಕೆ ಆಗಲ್ಲ. ಕಟ್ಟಿದ್ದರೆ ರಸೀದಿ ಹುಡುಕಿ. ಒಂದೇ ಆಪರೇಷನ್‌ಗೆ ಎರಡೂ ಯೋಜನೆ ಸೇರಿಸಿಕೊಳ್ಳೋಕೆ ಬರಲ್ಲ.

ವೈಟ್‌ಫೀಲ್ಡ್_ವಾಸಿ

ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ ಮರೆತಿರಾ? 2001ರಿಂದ ಇದೆ. ಬಿಲ್ಲಿಂಗ್ ಕೌಂಟರೇ ಇಲ್ಲ ಅಲ್ಲಿ, ಹೃದಯದ ಆಪರೇಷನ್ ಪೂರ್ತಿ ಉಚಿತ, ಕಾರ್ಡ್ ಯಾವುದು ಅಂತಾನೂ ಕೇಳಲ್ಲ. ಸರದಿ ಕಾಯಬೇಕು ಅಷ್ಟೇ. ತುರ್ತು ಇಲ್ಲ ಅಂತ ಡಾಕ್ಟರು ಹೇಳಿದವರಿಗೆ ಒಳ್ಳೆ ದಾರಿ.

ಅಮ್ಮನಮಗಳು

ಅಮ್ಮನಿಗೆ ಬೈಪಾಸ್ ಆದ ಆಸ್ಪತ್ರೆ ಹೆಸರು ಬೇಡ, ದೊಡ್ಡದೇ. ಆಪರೇಷನ್ ಚೆನ್ನಾಗಾಯ್ತು, ಸರ್ಜನ್ ಬಗ್ಗೆ ಒಂದು ಮಾತೂ ಇಲ್ಲ. ಆದರೆ ಡಿಸ್ಚಾರ್ಜ್ ದಿನ ಒಂದು ಕಟ್ಟು ಕಾಗದ ಕೊಟ್ಟು ಕಳಿಸಿದರು, ಯಾರೂ ಎರಡು ನಿಮಿಷ ಕೂತು ಹೇಳಲಿಲ್ಲ. ಮೂರು ಚೆಂಡಿನ ಉಸಿರಿನ ಡಬ್ಬಿಯನ್ನು ಮನೆಗೆ ಹೋದ ಮೇಲೂ ಊದಬೇಕಾ, ಎಳೆಯಬೇಕಾ ಅಂತಾನೇ ನಮಗೆ ಗೊತ್ತಿರಲಿಲ್ಲ (ಎಳೆಯಬೇಕು!). ಕಾಲಿನ ಹೊಲಿಗೆ ನೀರು ಬಿಡತೊಡಗಿತು. ಫೋನ್ ಮಾಡಿದರೆ ಓಪಿಡಿಗೆ ಬನ್ನಿ ಅಂತಾರೆ, ನಾವಿದ್ದದ್ದು ಮುನ್ನೂರು ಕಿಲೋಮೀಟರ್ ಆಚೆ. ಹಾಗಾಗಿ ನನ್ನ ಪ್ರಕಾರ ಆಸ್ಪತ್ರೆ ಆರಿಸುವಾಗ ಕೇಳಬೇಕಾದ ಮೊದಲ ಪ್ರಶ್ನೆ ಇದು: ಮನೆಗೆ ಹೋದ ಮೇಲೆ ರಾತ್ರಿ ಏನಾದರೂ ಆದರೆ ಯಾರಿಗೆ ಫೋನ್ ಮಾಡಲಿ? ನಮ್ಮ ಊರ ಹತ್ತಿರ ಗಾಯ ನೋಡುವ ಡಾಕ್ಟರ ಜೊತೆ ನೀವು ಮಾತಾಡುತ್ತೀರಾ? ಇದಕ್ಕೆ ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಪಂಪ್‌ರೂಮು

ಮೇಡಂ ಹೇಳಿದ್ದಕ್ಕೆ ನೂರಕ್ಕೆ ನೂರು ಒಪ್ಪುತ್ತೀನಿ. ಜನ ಸರ್ಜನ್ ಹೆಸರು ಮಾತ್ರ ಕೇಳುತ್ತಾರೆ. ರೋಗಿಯನ್ನು ಮೊದಲ ರಾತ್ರಿ ಕಾಯೋದು ಐಸಿಯು ನರ್ಸು. ಒಬ್ಬ ನರ್ಸ್‌ಗೆ ಎಷ್ಟು ರೋಗಿ, ರಾತ್ರಿ ಡ್ಯೂಟಿಯಲ್ಲಿ ಹಿರಿಯ ಡಾಕ್ಟರ್ ಒಳಗೇ ಇರುತ್ತಾರಾ, ಫಿಸಿಯೋಥೆರಪಿಯವರು ದಿನಾ ಬರುತ್ತಾರಾ, ಇದನ್ನೆಲ್ಲ ಕೇಳಿ. ಕೇಳೋಕೆ ಸಂಕೋಚ ಬೇಡ.

ಕಡಲತೀರದ_ಅಕ್ಕ

ಬೈಪಾಸ್ ಮಾತ್ರ ಅಲ್ಲ, ವಾಲ್ವಿನವರೂ ಇಲ್ಲಿದ್ದಾರೆ ಅಂತ ಬರೆಯುತ್ತಿದ್ದೇನೆ. ನನ್ನ ತಂಗಿಗೆ ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ಬಾವು ಬಂದು ಹೋಗಿತ್ತು. ಅದು ರುಮ್ಯಾಟಿಕ್ ಜ್ವರ ಅಂತ ಗೊತ್ತಾದದ್ದು ಮೂವತ್ತರ ಹೊತ್ತಿಗೆ, ಮೈಟ್ರಲ್ ವಾಲ್ವ್ ಹಾಳಾದ ಮೇಲೆ. ಅವಳಿಗೆ ಹಾಕಿರುವುದು ಟಿಟಿಕೆ ಚಿತ್ರಾ ವಾಲ್ವ್. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ರೂಪಿಸಿದ್ದು, 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದ್ದರಂತೆ. ಹೊರದೇಶದ್ದಕ್ಕಿಂತ ಬೆಲೆ ಬಹಳ ಕಡಿಮೆ. ಆದರೆ ಲೋಹದ ವಾಲ್ವ್ ಅಂದ ಮೇಲೆ ಜೀವನಪೂರ್ತಿ ರಕ್ತ ತೆಳು ಮಾಡುವ ಮಾತ್ರೆ, ರಕ್ತ ಎಷ್ಟು ತೆಳುವಾಗಿದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ತಪ್ಪಿಸುವಂತಿಲ್ಲ. ಒಂದು ವಾರ ಬಸಳೆ, ಹರಿವೆ ಅಂತ ಸೊಪ್ಪೇ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಅಂದರೆ ಐಎನ್‌ಆರ್ ಏರುಪೇರು. ಬಿಡಬೇಕಿಲ್ಲ, ಒಂದೇ ಹದದಲ್ಲಿ ತಿನ್ನಬೇಕು. ಹಲ್ಲು ಕೀಳಿಸುವ ಮೊದಲು ಹೃದಯದ ಡಾಕ್ಟರಿಗೆ ಹೇಳಬೇಕು. ಮದುವೆಯಾಗದ ಹುಡುಗಿಯರಿಗೆ ವಾಲ್ವ್ ಆರಿಸುವಾಗ ಮುಂದೆ ಬಸಿರಿನ ವಿಷಯವನ್ನು ಮೊದಲೇ ಕೇಳಿಕೊಳ್ಳಿ, ಆ ಮಾತ್ರೆಯಿಂದ ಮಗುವಿಗೆ ತೊಂದರೆ ಆಗಬಹುದು.

ಚಿಕ್ಕಮಗಳೂರು_ಕಾಫಿ

ಸ್ಟೆಂಟ್ ಬೆಲೆ ಈಗಲೂ ಲಕ್ಷ ಲಕ್ಷನಾ? ಯಾರೋ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಮಿತ್ರಡೆಸ್ಕ್

ಇಲ್ಲ. 2017ರ ಫೆಬ್ರವರಿಯಲ್ಲಿ ಕೇಂದ್ರ ಮಿತಿ ಹಾಕಿತು. ಆಗ ಔಷಧ ಲೇಪಿತ ಸ್ಟೆಂಟ್‌ಗೆ 29,600 ರೂಪಾಯಿ, ಸಾದಾ ಲೋಹದ್ದಕ್ಕೆ 7,260, ಮೇಲೆ ತೆರಿಗೆ. ಆಮೇಲೆ ದರ ಪರಿಷ್ಕರಣೆ ಆಗುತ್ತಾ ಬಂದಿದೆ. ಒಟ್ಟು ಬಿಲ್ ಬೇರೆ, ಸ್ಟೆಂಟ್ ಬೆಲೆ ಬೇರೆ. ಬಿಲ್ಲಿನಲ್ಲಿ ಸ್ಟೆಂಟಿನ ಹೆಸರು, ಬೆಲೆ ಬೇರೆಯಾಗಿ ಬರೆದಿರಬೇಕು, ಕೇಳಿ.

ತೆಂಗಿನತೋಟ

ಬಹಳ ದಿನ ಬರೆಯೋಕೆ ಆಗಲಿಲ್ಲ, ಓಡಾಟ. ಈಗ ಹೇಳುತ್ತೀನಿ.

ಇಲ್ಲಿ ಬರೆದದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಹೃದಯದ ಸರ್ಜನ್ನೂ ವ್ಯಾಸ್ಕುಲರ್ ಸರ್ಜನ್ನೂ ಒಂದೇ ಕಟ್ಟಡದಲ್ಲಿ ಇರುವ ಆಸ್ಪತ್ರೆಗೆ ಹೋದೆವು. ಎರಡೂ ತೋಳಿನ ಬಿಪಿ ನೋಡಿ ಅಂದಾಗ ನರ್ಸಮ್ಮ ವಿಚಿತ್ರವಾಗಿ ನೋಡಿದರು. ನೋಡಿದರೆ ಬಲಗಡೆ 150, ಎಡಗಡೆ 115! ಮತ್ತೆ ಮತ್ತೆ ನೋಡಿದರು, ಅಷ್ಟೇ ಬಂತು. ಸಿಟಿ ಆಂಜಿಯೋ ಮಾಡಿಸಿದರೆ ಎಡತೋಳಿಗೆ ಹೋಗುವ ನಾಳ ಬುಡದಲ್ಲೇ ಕಿರಿದಾಗಿದೆ. ಬಲಗಾಲಿನ ಎಬಿಐ 0.5. ಕತ್ತಿನ ನಾಳ ಪರವಾಗಿಲ್ಲ.

ಇಬ್ಬರೂ ಡಾಕ್ಟರು ಎದುರಿಗೇ ಕೂತು ಮಾತಾಡಿ ಹೇಳಿದ್ದು: ಮೊದಲು ಎಡತೋಳಿನ ನಾಳಕ್ಕೆ ಸ್ಟೆಂಟ್ ಹಾಕಿ ದಾರಿ ತೆರೆಯೋದು, ಅದೇ ಸರದಿಯಲ್ಲಿ ಬಲಗಾಲಿನ ತೊಡೆಯ ನಾಳಕ್ಕೆ ಬಲೂನ್. ಬೆರಳಿನ ಗಾಯ ಹತೋಟಿಗೆ ಬಂದ ಮೇಲೆ ಬೈಪಾಸ್. ಸಿರೆಯನ್ನು ಎಡಗಾಲಿನಿಂದಲೇ ತೆಗೆಯೋದು, ಮೊದಲೇ ಸ್ಕ್ಯಾನ್ ಮಾಡಿ ಪೆನ್ನಿನಲ್ಲಿ ಗುರುತು ಹಾಕುತ್ತಾರಂತೆ. ಸಿಲೋಸ್ಟಜಾಲ್ ನಿಜವಾಗಲೂ ಇತ್ತು ಚೀಟಿಯಲ್ಲಿ, ನಿಲ್ಲಿಸಿದ್ದಾರೆ. ಬಲೂನು, ಸ್ಟೆಂಟು ಎರಡೂ ಆಗಿದೆ, ಅಪ್ಪ ಆರಾಮಾಗಿದ್ದಾರೆ, ಪಾದ ಬೆಚ್ಚಗಾಗಿದೆ, ಗಾಯ ಒಣಗುತ್ತಾ ಬಂದಿದೆ. ಬೈಪಾಸ್‌ಗೆ ತಾರೀಖು ಕೊಟ್ಟಿದ್ದಾರೆ. ಅಮ್ಮ ಇನ್ನೂ ಒಪ್ಪಿಲ್ಲ, ಆದರೆ ಬ್ಯಾಗಿಗೆ ಬಟ್ಟೆ ಜೋಡಿಸುತ್ತಿದ್ದಾಳೆ.

ನಡೆನೋಡು

ಒಳ್ಳೆಯದಾಯ್ತು. ಆ 35ರ ವ್ಯತ್ಯಾಸ ಸಿಗದೆ ಹೋಗಿದ್ದರೆ ಬೈಪಾಸ್ ಆದ ಮೇಲೂ ಎದೆನೋವು ಅಂತ ಮತ್ತೆ ಸುತ್ತಾಡುತ್ತಿದ್ದಿರಿ. ಈಗ ಎರಡು ವಿಷಯ ನೆನಪಿಟ್ಟುಕೊಳ್ಳಿ, ಹೊಸ ಸ್ಟೆಂಟ್‌ಗೆ ಗಡ್ಡೆ ಕಟ್ಟದ ಹಾಗೆ ನೋಡಿಕೊಳ್ಳುವ ಕ್ಲೋಪಿಡೋಗ್ರೆಲ್ ಮಾತ್ರೆ ಬೇಕು, ಬೈಪಾಸ್‌ಗೆ ಮೊದಲು ಅದನ್ನು ಸಾಮಾನ್ಯವಾಗಿ ಐದು ದಿನ ನಿಲ್ಲಿಸಬೇಕು. ಯಾವ ದಿನ ನಿಲ್ಲಿಸಬೇಕು ಅನ್ನೋದನ್ನು ಇಬ್ಬರೂ ಸರ್ಜನ್ ಸೇರಿ ಹೇಳಲಿ, ನೀವಾಗಿ ನಿಲ್ಲಿಸಬೇಡಿ. ಸಕ್ಕರೆಗೆ ಡಪಾಗ್ಲಿಫ್ಲೋಜಿನ್ ಥರದ ಮಾತ್ರೆ ಇದ್ದರೆ ಅದೂ ಆಪರೇಷನ್‌ಗೆ ಮೂರು ದಿನ ಮೊದಲು ನಿಲ್ಲಬೇಕು, ಇದನ್ನು ಬಹಳ ಜನ ಮರೆಯುತ್ತಾರೆ.

ಜಗಲಿಮಾತು

ತಾರೀಖು ಬರುವವರೆಗೆ ಊರಿನಲ್ಲಿ ಎದೆನೋವು ಬಂದರೆ ಕಾರು ಹತ್ತಿ ನೇರ ಬೆಂಗಳೂರಿಗೆ ಹೊರಡಬೇಡಿ. 108ಕ್ಕೆ ಫೋನ್ ಮಾಡಿ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಬೇಕಾದರೆ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಹೊರಗೆ ಅದಕ್ಕೆ ಹತ್ತಾರು ಸಾವಿರ. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಇದೆ ಅಂತ ಇವತ್ತೇ ಕೇಳಿಟ್ಟುಕೊಳ್ಳಿ. ನಿಮ್ಮ ಅಪ್ಪನಿಗೆ ಈಗ ಹೊಸ ಸ್ಟೆಂಟು, ರಕ್ತ ತೆಳು ಮಾಡುವ ಮಾತ್ರೆ ಎಲ್ಲ ಇದೆ ಅಂತ ಅಲ್ಲಿ ಮೊದಲು ಹೇಳಬೇಕು.

ಅಮ್ಮನಮಗಳು

ಆಪರೇಷನ್ ಆಗಿ ಮನೆಗೆ ಬರುವಾಗ ಬಸ್ಸು ಬೇಡ, ಕಾರು ಮಾಡಿಕೊಳ್ಳಿ, ಹಿಂದಿನ ಸೀಟಿನಲ್ಲಿ ಕೂರಿಸಿ, ಎದೆಗೆ ಒಂದು ದಿಂಬು ಒತ್ತಿ ಹಿಡಿದುಕೊಳ್ಳಲಿ. ಕೆಮ್ಮು ಬಂದಾಗಲೂ ದಿಂಬು ಬೇಕು. ಎದೆಮೂಳೆ ಕೂಡಿಕೊಳ್ಳೋಕೆ ಆರರಿಂದ ಎಂಟು ವಾರ, ಅಲ್ಲಿವರೆಗೂ ತುಂಬಿದ ಕೊಡ, ಗೊಬ್ಬರದ ಚೀಲ ಏನೂ ಎತ್ತುವಂತಿಲ್ಲ, ಬೈಕೂ ಇಲ್ಲ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ತಂದಿಡಿ, ಕೈ ಊರಿ ಏಳೋದು ಎದೆಗೆ ಕೆಟ್ಟದ್ದು. ಅಪ್ಪ ಸಿಡುಕಬಹುದು, ಸುಮ್ಮನೆ ಅಳಬಹುದು, ನಮ್ಮ ಅಮ್ಮ ಅತ್ತಿದ್ದಳು. ಕೆಲವರಿಗೆ ಹಾಗಾಗುತ್ತೆ ಅಂತ ಆಮೇಲೆ ಗೊತ್ತಾಯ್ತು.

ತೆಂಗಿನತೋಟ

ತೋಟಕ್ಕೆ ಹೋಗದೆ ಎರಡು ತಿಂಗಳು ಅಪ್ಪ ಕೂತರೆ ಅದೇ ದೊಡ್ಡ ಆಪರೇಷನ್ 😅

ರಕ್ತ ಕೊಡೋಕೆ ನಾಲ್ಕು ಜನ ಬೇಕು ಅಂದಿದ್ದಾರೆ, ಯಾವ ಗುಂಪಾದರೂ ಸರಿ, ಬ್ಯಾಂಕಿನಲ್ಲಿ ಬದಲಿಸಿಕೊಳ್ಳುತ್ತಾರಂತೆ. ಊರಿನಿಂದ ಇಬ್ಬರು ಬರುತ್ತಾರೆ. ಬೆಂಗಳೂರಿನಲ್ಲಿ ಯಾರಾದರೂ ಇದ್ದೀರಾ?

ವೈಟ್‌ಫೀಲ್ಡ್_ವಾಸಿ

ನಾನು ಬರುತ್ತೀನಿ. ಪಕ್ಕದ ಮನೆ ಹುಡುಗನೂ ಬರುತ್ತಾನೆ, ಅವನು ಹೋದ ವರ್ಷ ಕೊಟ್ಟದ್ದು. ಯಾವ ದಿನ, ಎಷ್ಟು ಹೊತ್ತಿಗೆ ಅಂತ ಮೆಸೇಜ್ ಹಾಕಿ. ತಿಂಡಿ ತಿಂದೇ ಬರಬೇಕು ಅಲ್ವಾ?

ಪಂಪ್‌ರೂಮು

ಹೌದು, ಹೊಟ್ಟೆ ತುಂಬ ತಿಂದು, ನೀರು ಕುಡಿದು ಬನ್ನಿ. ಹಿಂದಿನ ರಾತ್ರಿ ಪಾರ್ಟಿ ಬೇಡ. ಆಧಾರ್ ಇಟ್ಟುಕೊಂಡಿರಿ.